ಹಣೆಯ ಬಲಬದಿಗೆ ಒಂದು ಮಾತ್ರೆ

ಆ ಹುಡುಗಿ ನಮ್ಮ ಅಧ್ಯಯನಕ್ಕೆ ಸೇರಿ ಎರಡು ತಿಂಗಳಾಗಿತ್ತು. ಒಂದು ಬುಧವಾರ ಡಾಕ್ಟರು ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದು, ಒಂದೇ ಹಾಳೆಯಲ್ಲಿ ಮುದ್ರಿಸಿದ ಎರಡು ಸಾಲು ಅಂಕಿಗಳನ್ನು ಮೇಜಿನ ಮೇಲಿಟ್ಟರು. ಮೇಲಿನ ಸಾಲು ನನ್ನದು, ಕೆಳಗಿನದು ಅವಳದು. ಇಬ್ಬರೂ ಅವೇ ಹತ್ತು ಮೆದುಳುಗಳ ಚಿತ್ರಗಳ ಮೇಲೆ, ಅಳೆಯಬೇಕಾದ ಭಾಗದ ಅಂಚು ಹಿಡಿದು ಗೆರೆ ಎಳೆದಿದ್ದೆವು. ಮೂರು ವಾರ ಬಿಟ್ಟು, ಹೆಸರು ಅಳಿಸಿ, ಕ್ರಮ ಬದಲಿಸಿ ಕೊಟ್ಟ ಅದೇ ಹತ್ತರ ಮೇಲೆ ಮತ್ತೊಮ್ಮೆ ಎಳೆದಿದ್ದೆವು. ಮೊದಲ ಸಲದ ಅಳತೆಗೂ ಎರಡನೇ ಸಲದ ಅಳತೆಗೂ ಎಷ್ಟು ತಾಳೆಯಾಗುತ್ತದೆ ಎನ್ನುವುದರಿಂದಲೇ ನಮ್ಮ ಕಸುಬಿನಲ್ಲಿ ಯಾರ ಕೈಯನ್ನು ಎಷ್ಟು ನಂಬಬಹುದು ಎಂದು ತೀರ್ಮಾನವಾಗುತ್ತದೆ. ಅವಳ ಸಾಲು ನನ್ನದಕ್ಕಿಂತ ಚೆನ್ನಾಗಿತ್ತು.

"ವೆರಿ ಗುಡ್" ಎಂದರು ಡಾಕ್ಟರು. ಯಾರಿಗೆ ಎಂದು ಹೇಳಲಿಲ್ಲ.

ನನಗೆ ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಮರ್ಯಾದಸ್ಥ ಹೆಸರು ಹುಡುಕುವುದರಲ್ಲಿ ಅರ್ಥವಿಲ್ಲ. ಅವಳಿಗೆ ಗೆರೆ ಎಳೆಯಲು ಕಲಿಸಿದವಳು ನಾನು. ಮೌಸನ್ನು ಬೆರಳಿನಿಂದಲ್ಲ, ಮಣಿಕಟ್ಟಿನಿಂದ ಆಡಿಸಬೇಕು ಎಂದು ಹೇಳಿಕೊಟ್ಟವಳೂ ನಾನು. ಕೋಣೆಯಿಂದ ಹೊರಗೆ ಬಂದ ಮೇಲೆ ಅವಳು, "ಎಲ್ಲಾ ನಿಮ್ಮಿಂದ ಅಕ್ಕಾ" ಎಂದಳು. ಅದನ್ನು ಅವಳು ಮನಸ್ಸಿನಿಂದಲೇ ಹೇಳಿದ್ದಳು. ಅದಕ್ಕೇ ಇನ್ನೂ ಉರಿಯಿತು.

ನಮ್ಮ ಅಧ್ಯಯನ ಗೀಳು ಕಾಯಿಲೆಯವರ ಮೆದುಳಿನ ರಚನೆಯ ಬಗ್ಗೆ. ಒಸಿಡಿ ಎಂದರೆ ಈಗ ಎಲ್ಲರಿಗೂ ಗೊತ್ತು. ಬೀಗ ಹಾಕಿದೆನಾ ಎಂದು ಹತ್ತು ಸಲ ತಿರುಗಿ ನೋಡುವವರು, ಚರ್ಮ ಸುಲಿಯುವಷ್ಟು ಕೈ ತೊಳೆಯುವವರು, ಬೇಡದ ಯೋಚನೆಯೊಂದನ್ನು ತಲೆಯಿಂದ ಹೊರಗೆ ಹಾಕಲಾರದೆ ಒದ್ದಾಡುವವರು. ಹಣೆಯ ಹಿಂದಿನ ಭಾಗ, ಮೆದುಳಿನ ಆಳದಲ್ಲಿ ಬಾಗಿಕೊಂಡಿರುವ ಕಾಡೇಟ್ ಎಂಬ ಗಂಟು ಮತ್ತು ಅದರ ಪಕ್ಕದ ಥಲಾಮಸ್, ಈ ಮೂರರ ನಡುವೆ ಸುತ್ತುವ ದಾರಿಯಲ್ಲಿ ಏನೋ ಹೆಚ್ಚುಕಡಿಮೆಯಾಗಿರುತ್ತದೆ ಎಂದು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಇರುವ ವ್ಯತ್ಯಾಸ ತೀರಾ ಸಣ್ಣದು. ಅನೇಕರನ್ನು ಗುಂಪು ಮಾಡಿ ಹೋಲಿಸಿದರೆ ಮಾತ್ರ ಕಾಣುತ್ತದೆ. ಒಬ್ಬರ ಸ್ಕ್ಯಾನ್ ಹಿಡಿದು ಇವರಿಗೆ ಕಾಯಿಲೆ ಇದೆ, ಇಲ್ಲ ಎಂದು ಯಾರೂ ಹೇಳಲಾರರು. ಬಂದವರೆಲ್ಲ ಕೇಳುತ್ತಿದ್ದದ್ದು ಮಾತ್ರ ಅದೇ ಪ್ರಶ್ನೆ, "ನನ್ನ ಮೆದುಳಲ್ಲಿ ಏನ್ ಕಾಣ್ತು?"

ಕಚೇರಿ ಪುಲಿಕೇಶಿನಗರದ ಒಂದು ಹಳೆಯ ಮನೆಯಲ್ಲಿತ್ತು. ಸ್ಕ್ಯಾನ್ ಮಾತ್ರ ಇಂದಿರಾನಗರದ ಖಾಸಗಿ ಕೇಂದ್ರದಲ್ಲಿ. ಭಾನುವಾರ ಬೆಳಗ್ಗೆ, ಅವರ ರೋಗಿಗಳು ಬರುವ ಮೊದಲು, ಎರಡೂವರೆ ಗಂಟೆ ಯಂತ್ರ ನಮ್ಮದು. ಅಷ್ಟರಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು. ಬಂದವರ ಓಲೆ, ಬಳೆ, ಕಾಲುಂಗುರ, ಸೊಂಟದ ತಾಯಿತ, ಸೀರೆಗೆ ಚುಚ್ಚಿದ ಪಿನ್ನು ಎಲ್ಲ ತೆಗೆಸಬೇಕು. ಕೇಂದ್ರದ ಗೌನು ಗಂಜಿ ಹಾಕಿದ ಹಾಗೆ ಚುಚ್ಚುತ್ತದೆಂದು ನಾವೇ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಗುಂಡಿ, ಜಿಪ್ಪು ಇಲ್ಲದ ಹತ್ತಿಯ ಉಡುಪು ನಾಲ್ಕು ಅಳತೆಯಲ್ಲಿ ತಂದಿಟ್ಟಿದ್ದೆವು. ಕೊನೆಗೆ ಹಣೆಯ ಬಲಬದಿಗೆ ವಿಟಮಿನ್ ಇ ಮಾತ್ರೆಯೊಂದನ್ನು ಕಾಗದದ ಟೇಪಿನಿಂದ ಅಂಟಿಸಬೇಕು. ಎಣ್ಣೆ ತುಂಬಿದ ಮಾತ್ರೆ ಸ್ಕ್ಯಾನಿನಲ್ಲಿ ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ. ಯಂತ್ರದ ಫೈಲನ್ನು ನಮ್ಮ ತಂತ್ರಾಂಶಕ್ಕೆ ಬದಲಾಯಿಸುವಾಗ ಒಮ್ಮೊಮ್ಮೆ ಎಡಬಲ ತಿರುಗಿಬಿಡುವ ಅಪಾಯವಿದೆ. ಹಾಗಾದರೆ ಈ ಚುಕ್ಕೆ ಹೇಳಿಕೊಡುತ್ತದೆ. ಎಡಗಡೆಯ ಕಾಡೇಟನ್ನೂ ಬಲಗಡೆಯದನ್ನೂ ಬೇರೆ ಬೇರೆ ಅಳೆಯುವ ನಮಗೆ ಅದೊಂದೇ ಸಾಕ್ಷಿ.

ಕಾಯಿಲೆಯವರು ಸಿಗುತ್ತಿದ್ದರು. ಹೋಲಿಕೆಗೆ ಬೇಕಾದ, ಕಾಯಿಲೆ ಇಲ್ಲದವರು ಸಿಗುತ್ತಿರಲಿಲ್ಲ. ಅದೇ ವಯಸ್ಸು, ಅಷ್ಟೇ ಓದು, ಬಲಗೈ ಬಳಸುವವರು. ಜೀವನ್ ಬಿಮಾ ನಗರದಲ್ಲಿ ಹುಟ್ಟಿ ಬೆಳೆದ ನಾನು ನಮ್ಮ ಬೀದಿಯಲ್ಲೆಲ್ಲ ಕೇಳಿ ನೋಡಿದೆ. ವಿಮಾ ಕಂಪನಿಯಿಂದ ನಿವೃತ್ತರಾದ ಅಂಕಲ್‌ಗಳು ಒಂದು ಗಂಟೆ ಕಾಲ ಕಾಳಜಿಯಿಂದ ಪ್ರಶ್ನೆ ಕೇಳಿ, ಕಾಫಿ ಕುಡಿಸಿ, ಬರುವುದಿಲ್ಲ ಎಂದರು. ಈ ಹುಡುಗಿ ಯಾದಗಿರಿ ಕಡೆಯವಳು. ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ. ಅವಳ ಸುತ್ತಮುತ್ತಲಿನ ಕೋಣೆಗಳಲ್ಲಿ ರಾಯಚೂರು, ಕಲಬುರಗಿಯಿಂದ ಬಂದ ಗಾರೆ ಕೆಲಸದವರು, ಸೆಕ್ಯೂರಿಟಿಯವರು. ಒಂದೇ ವಾರದಲ್ಲಿ ಎಂಟು ಜನರನ್ನು ಒಪ್ಪಿಸಿಬಿಟ್ಟಳು.

"ತಲಿ ಒಳಗ ಏನೂ ಚುಚ್ಚೂದಿಲ್ಲ ಕಾಕಾ. ಫೋಟೋ ತಗಿತಾರ, ಅಷ್ಟ. ಸಪ್ಪಳ ಮಾತ್ರ ಭಾಳ ಬರ್ತದ, ನಾನ ಬಾಜೂಕ ಇರ್ತೀನಿ" ಎಂದು ಅವಳು ಫೋನಿನಲ್ಲಿ ಹೇಳುವುದನ್ನು ಕೇಳುತ್ತಾ ಕೂತಿದ್ದೆ. ನಾನು ಬರೆದಿಟ್ಟುಕೊಂಡಿದ್ದ ಎರಡು ಪುಟದ ವಿವರಣೆಗಿಂತ ಅದು ಚೆನ್ನಾಗಿತ್ತು. ಅವರೆಲ್ಲ ಸಹಿ ಹಾಕುವ ಮುಂಚೆ ನಾನು ಆ ಎರಡು ಪುಟವನ್ನೂ ಅವಳಿಂದಲೇ ಎಲ್ಲರಿಗೂ ಓದಿ ಹೇಳಿಸಿದೆ. ನಿಯಮ ಎಂದೆ. ನಿಯಮವೇನೋ ಹೌದು, ಓದಿಸಿದ್ದು ಮಾತ್ರ ಹೊಟ್ಟೆಕಿಚ್ಚಿಗೆ.

ಅಂಕಿಗಳ ಹಾಳೆ ನೋಡಿದ ಮೇಲೆ ನಾನೇ ಮುಂದೆ ಬಿದ್ದು ಡಾಕ್ಟರಿಗೆ ಹೇಳಿದೆ: ಹೊಸಬರು ಮಾಡಿದ ಕೆಲಸವನ್ನು ಇನ್ನೊಬ್ಬರು ಒಂದು ಸಲ ನೋಡುವುದು ಒಳ್ಳೆಯದಲ್ಲವೇ, ಫೈಲು ಬದಲಾಯಿಸುವ ಕೆಲಸ ಪೂರ್ತಿ ಅವಳೊಬ್ಬಳ ಕೈಯಲ್ಲೇ ಇದೆ. ಅವರು ಒಪ್ಪಿದರು. ನಾನು ಕೂತೆ. ಒಂದೊಂದೇ ಫೈಲು ತೆರೆದು, ಪದರ ಪದರವಾಗಿ ಇಳಿಯುತ್ತಾ, ಅವಳ ಗೆರೆ ಎಲ್ಲಾದರೂ ಪಕ್ಕದ ಬಿಳಿ ಭಾಗಕ್ಕೆ ಹಾರಿದೆಯೇ ಎಂದು ಹುಡುಕಿದೆ. ಮೂರು ದಿನ ಏನೂ ಸಿಗಲಿಲ್ಲ. ಅಷ್ಟು ಅಚ್ಚುಕಟ್ಟು ಕೆಲಸ ನೋಡಿ ಕಣ್ಣು ನೋಯತೊಡಗಿತು.

ನಾಲ್ಕನೇ ದಿನ ಒಂದು ಚಿತ್ರದಲ್ಲಿ ಬಿಳಿ ಚುಕ್ಕೆ ಎಡಗಡೆ ಹೊಳೆಯಿತು.

ಮತ್ತೆ ನೋಡಿದೆ. ಎಡಗಡೆಯೇ. ಉಳಿದವನ್ನು ಗಡಿಬಿಡಿಯಲ್ಲಿ ತೆರೆದೆ. ಒಟ್ಟು ನಾಲ್ಕು ಸಿಕ್ಕವು, ಬೇರೆ ಬೇರೆ ಎರಡು ಭಾನುವಾರದವು. ಕುರ್ಚಿಯಿಂದ ಎದ್ದು ಒಂದು ಲೋಟ ನೀರು ಕುಡಿದೆ. ಹಾಲು ಕುಡಿದಷ್ಟು ಸಂತೋಷವಾಗಿತ್ತು.

"ಸರ್, ಫೈಲ್ ಕನ್ವರ್ಟ್ ಮಾಡುವಾಗ ನಾಲ್ಕರಲ್ಲಿ ಎಡಬಲ ತಿರುಗಿಬಿಟ್ಟಿದೆ" ಎಂದೆ.

ಡಾಕ್ಟರು ಕನ್ನಡಕ ತೆಗೆದಿಟ್ಟರು. "ಮಾತ್ರೆನೇ ತಪ್ಪು ಕಡೆ ಅಂಟಿಸಿರಬಹುದಲ್ವಾ?"

"ಅದನ್ನ ಅಂಟಿಸೋದೂ ಅವಳೇ ಸರ್."

ಈ ಮಾತನ್ನು ಹೇಳಿದಾಗ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಿರಲಿಲ್ಲ. ಸಾಮಾನ್ಯವಾಗಿ ಅಂಟಿಸುತ್ತಿದ್ದವಳು ಅವಳೇ. ನಮೂನೆಯಲ್ಲಿ 'ಅಂಟಿಸಿದವರು' ಎಂದು ಒಂದು ಚೌಕವಿತ್ತು. ಅದನ್ನು ಯಾರೂ ತುಂಬುತ್ತಿರಲಿಲ್ಲ. ಆ ಎರಡು ಭಾನುವಾರ ಏನಾಯಿತು ಎಂದು ಒಂದು ನಿಮಿಷ ಕೂತು ನೆನಪಿಸಿಕೊಳ್ಳುವ ಗೋಜಿಗೂ ನಾನು ಹೋಗಲಿಲ್ಲ.

ಅವಳನ್ನು ಕರೆಸಿದರು. ಪರದೆಯ ಮೇಲಿನ ನಾಲ್ಕು ಚುಕ್ಕೆಗಳನ್ನು ನೋಡಿ ಅವಳ ಮುಖ ಇಳಿಯಿತು. "ನಂಗ ನೆನಪಿಗಿ ಬರವಲ್ದು ಸರ್. ನನ್ನ ಕಡಿಂದನ ಆಗಿರಬೇಕು" ಎಂದಳು. ಬೇರೆ ಯಾರಾದರೂ ಆಗಿದ್ದರೆ ವಾದಿಸುತ್ತಿದ್ದರು, ನಾನಂತೂ ಖಂಡಿತ.

ಡಾಕ್ಟರು ಕೂಗಾಡುವವರಲ್ಲ. ಆ ನಾಲ್ವರನ್ನು ಮತ್ತೆ ಕರೆಸಿ ಸ್ಕ್ಯಾನ್ ಮಾಡಿ, ಹಳೆಯ ಚಿತ್ರದ ಪಕ್ಕ ಇಟ್ಟು ನೋಡಿದರೆ ತಪ್ಪು ಎಲ್ಲಿಯದೆಂದು ತಿಳಿಯುತ್ತದೆ ಎಂದರು. ಮೆದುಳಿನ ಮಡಿಕೆಗಳು ಒಬ್ಬರದು ಇನ್ನೊಬ್ಬರಂತೆ ಇರುವುದಿಲ್ಲ, ಎಡ ಬಲ ಕೂಡ ಒಂದೇ ಥರ ಇರುವುದಿಲ್ಲ. ಹಾಗಾಗಿ ತಿರುಗಿದ್ದರೆ ಎದ್ದು ಕಾಣುತ್ತದೆ. ಅಲ್ಲಿಯವರೆಗೆ ಅವಳು ಗೆರೆ ಎಳೆಯುವಂತಿಲ್ಲ, ಅವಳು ಮಾಡಿದ ಅಷ್ಟೂ ಫೈಲು ಪಕ್ಕಕ್ಕೆ. ಅವಳು ಪಿಎಚ್‌ಡಿಗೆ ಅರ್ಜಿ ಹಾಕಿದ್ದಳು. ಡಾಕ್ಟರು ಕೊಡಬೇಕಾಗಿದ್ದ ಶಿಫಾರಸು ಪತ್ರಕ್ಕೆ ತಿಂಗಳ ಕೊನೆಯ ಗಡುವು. "ಅದನ್ನ ಆಮೇಲೆ ನೋಡೋಣ" ಎಂದರು. ಪತ್ರವಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ, ವಯಸ್ಸಿನ ಮಿತಿಯಿಂದಾಗಿ ಮುಂದಿನ ವರ್ಷ ಆ ಸೀಟಿಗೆ ಅವಳು ಅರ್ಜಿ ಹಾಕುವಂತಿಲ್ಲ. ಇದು ನಮಗೆ ಮೂವರಿಗೂ ಗೊತ್ತಿತ್ತು.

ಆ ವಾರ ಅವಳು ಮೂಲೆಯ ಮೇಜಿನಲ್ಲಿ ಕೂತು ಒಪ್ಪಿಗೆ ಪತ್ರಗಳಿಗೆ ಪುಟಸಂಖ್ಯೆ ಹಾಕಿದಳು. ಮಧ್ಯಾಹ್ನ ಜೋಳದ ರೊಟ್ಟಿಯ ಡಬ್ಬಿ ತೆರೆದು, "ತಗೋರಿ ಅಕ್ಕಾ, ಪುಂಡಿಪಲ್ಯ ಅದ" ಎಂದು ಎಂದಿನಂತೆ ನನ್ನ ಮುಂದೆ ಇಟ್ಟಳು. ನಾನು ತಿಂದೆ. ಅಡುಗೆಯೂ ನನಗಿಂತ ಚೆನ್ನಾಗಿ ಮಾಡುತ್ತಾಳಲ್ಲ ಎಂದು ಅಲ್ಲೂ ಮೂಗು ಮುರಿದೆ.

ನಾಲ್ವರಿಗೂ ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಫೈಲುಗಳ ಮೇಲೆ ಸಂಕೇತ ಮಾತ್ರ ಇರುತ್ತದೆ; ಯಾವ ಸಂಕೇತ ಯಾರದು ಎಂಬ ಗುಟ್ಟಿನ ಪಟ್ಟಿ ತೆರೆದು ಡಾಕ್ಟರು ನಾಲ್ಕು ಹೆಸರು ಕೊಟ್ಟರು. ಒಬ್ಬರು ಊರಿಗೆ ಹೋಗಿದ್ದರು, ಯಾವಾಗ ಬರುತ್ತಾರೋ ಗೊತ್ತಿಲ್ಲ. ಒಬ್ಬರ ಫೋನು ಚಾಲ್ತಿಯಲ್ಲಿರಲಿಲ್ಲ. ಶಿವಾಜಿನಗರದ ಹುಡುಗನೊಬ್ಬ, "ಆ ಪೈಪ್ ಒಳಗೆ ಇನ್ನೊಂದ್ಸಲನಾ? ಬಿಲ್ಕುಲ್ ಆಗಲ್ಲ ಮೇಡಂ" ಎಂದ. ಉಳಿದವರು ಹಲಸೂರಿನ ಒಬ್ಬ ಶಾಲಾ ಶಿಕ್ಷಕಿ. ಗ್ಯಾಸಿನ ಗುಂಡಿ, ಬಾಗಿಲ ಚಿಲಕ, ಉತ್ತರ ಪತ್ರಿಕೆಯ ಮೊತ್ತ ಎಲ್ಲವನ್ನೂ ಮತ್ತೆ ಮತ್ತೆ ನೋಡುವ ಕಾಯಿಲೆ ಅವರಿಗೆ. "ಬರ್ತೀನಿ. ಯಾವ ಭಾನುವಾರ? ಎಷ್ಟು ಗಂಟೆಗೆ?" ಎಂದು ಕೇಳಿ, ಇಟ್ಟು, ಮತ್ತೆ ಫೋನ್ ಮಾಡಿ ಅದನ್ನೇ ಕೇಳಿದರು.

ಇಂಥವರೊಂದಿಗೆ ಮಾತಾಡಲು ನಮಗೆ ಒಂದು ನಿಯಮ ಕಲಿಸಿದ್ದಾರೆ. ಅನುಮಾನಕ್ಕೆ ಒಂದು ಸಲ ಉತ್ತರ ಕೊಡಬೇಕು. ಅದೇ ಅನುಮಾನ ಎರಡನೇ ಸಲ ಬಂದರೆ ಕೊಡಬಾರದು. ಕೊಡುತ್ತಾ ಹೋದರೆ ಕಾಯಿಲೆಗೆ ಉಣಬಡಿಸಿದ ಹಾಗೆ. ಒಳ್ಳೆಯ ನಿಯಮ, ಅದರಿಂದ ಎಷ್ಟೋ ಜನಕ್ಕೆ ಉಪಕಾರವಾಗಿರುವುದನ್ನು ನೋಡಿದ್ದೇನೆ.

ಭಾನುವಾರ ಬೆಳಗ್ಗೆ ಅವರು ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಬಂದು ಕೂತಿದ್ದರು. ಡಾಕ್ಟರು ಒಳಗೆ ತಂತ್ರಜ್ಞರ ಜೊತೆ ಪರದೆಯ ಮುಂದೆ ಇದ್ದರು. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ನಾವಿಬ್ಬರೇ. ನಾನು ಮಾತ್ರೆ, ಟೇಪು ಹಿಡಿದು ಅವರ ಎದುರು ನಿಂತೆ. ಅವರು ಕುರ್ಚಿಯಲ್ಲಿ ಕೂತೇ ಮುಖ ಎತ್ತಿದರು.

"ಮೇಡಂ, ಈ ಸಲ ಈ ಕಡೆಗೆ ಅಂಟಿಸ್ತೀರಾ?" ಎಂದು ತಮ್ಮ ಬಲ ಹಣೆ ಮುಟ್ಟಿ ತೋರಿಸಿದರು. "ಹೋದ್ಸಲ ನೀವು ಈ ಕಡೆ ಅಂಟಿಸಿದ್ರಿ." ಕೈ ಎಡಕ್ಕೆ ಹೋಯಿತು.

"ನಾನಾ? ಆ ಹುಡುಗಿ ಅಲ್ವಾ ಅಂಟಿಸಿದ್ದು?"

"ಅಲ್ಲ ಮೇಡಂ, ನೀವೇ. ಆ ಹುಡುಗಿ ಅವತ್ತು ಇನ್ನೂ ಬಂದಿರ್ಲಿಲ್ಲ, ಯಾರನ್ನೋ ಕರ್ಕೊಂಡ್ ಬರೋಕೆ ಹೋಗಿದ್ಲು. ಬಲಗಡೆ ಅಂಟಿಸ್ತೀನಿ ಅಂದ್ರಿ. ನಾನು ಕೇಳ್ದೆ, ನಿಮ್ಮ ಬಲಾನಾ, ನನ್ನ ಬಲಾನಾ ಅಂತ. ಬಲ ಅಂದ್ರೆ ಬಲ ಅಂದ್ರಿ. ಇನ್ನೊಂದ್ಸಲ ಕೇಳ್ದೆ. ಅದಕ್ಕೆ ನೀವು, ಒಂದ್ಸಲ ಹೇಳಾಯ್ತು, ಮತ್ತೆ ಹೇಳಲ್ಲ, ನಿಯಮ ಗೊತ್ತಲ್ಲ ಅಂದ್ರಿ."

ನೆನಪಾಯಿತು. ಪೂರ್ತಿ ನೆನಪಾಯಿತು. ಆ ಎರಡೂ ಭಾನುವಾರ ಹುಡುಗಿ ಕೆ.ಆರ್. ಪುರದಿಂದ ಹೋಲಿಕೆಯವರನ್ನು ಆಟೋದಲ್ಲಿ ಕರೆತರಲು ಹೋಗಿದ್ದಳು. ಮೊದಲ ಸಲ ಡಾಕ್ಟರು ಬಂದವರೇ, "ನೋಡು, ಹೀಗಿರಬೇಕು" ಎಂದು ನನ್ನ ಮುಂದೆಯೇ ಅವಳನ್ನು ಹೊಗಳಿದ್ದರು. ಆ ಉರಿಯಲ್ಲೇ ನಾನು ಮಾತ್ರೆ ಅಂಟಿಸುವ ಅವಳ ಕೆಲಸವನ್ನು ಗೊಣಗುತ್ತಾ ಮಾಡಿದ್ದೆ. ಅವಳು ಅಂಟಿಸುವ ಕ್ರಮ ಬೇರೆ. ವ್ಯಕ್ತಿಯನ್ನು ಹಾಸಿಗೆಯ ಮೇಲೆ ಮಲಗಿಸಿ, ತಲೆಯ ಹಿಂದೆ ಹೋಗಿ ನಿಂತು ಅಂಟಿಸುತ್ತಾಳೆ. ಅಲ್ಲಿ ನಿಂತರೆ ಅವರ ಬಲವೂ ನಮ್ಮ ಬಲವೂ ಒಂದೇ. ನಾನು ಅವಸರಕ್ಕೆ ಕುರ್ಚಿಯಲ್ಲೇ ಕೂರಿಸಿ, ಎದುರಿಗೆ ನಿಂತು, ನನ್ನ ಬಲಗೈ ಹೋದ ಕಡೆ ಅಂಟಿಸಿದ್ದೆ. ಈಗಲೂ ಹಾಗೇ ಎದುರಿಗೆ ನಿಂತಿದ್ದೆ.

ಹರಿದ ಟೇಪನ್ನು ನಾನು ಅಂಟಿಸದೆ ಹಾಗೇ ಹಿಡಿದುಕೊಂಡಿದ್ದನ್ನು ನೋಡಿ ಶಿಕ್ಷಕಿಗೆ ಗಾಬರಿಯಾಯಿತು. "ಅಥ್ವಾ ನನಗೇ ಹಂಗೆ ಅನ್ಸಿದ್ಯೋ ಏನೋ ಮೇಡಂ. ನಿಮಗೆ ಗೊತ್ತಲ್ಲ ನನ್ನ ವಿಷ್ಯ. ಬೀಗ ಹಾಕಿದ್ದೇ ನೆನಪಿರಲ್ಲ, ಇದೆಲ್ಲಿ ನೆನಪಿರತ್ತೆ? ಮನೆಗೆ ಹೋಗಿ ನಾಲ್ಕು ದಿನ ಇದನ್ನೇ ಯೋಚ್ನೆ ಮಾಡ್ದೆ. ಆಮೇಲೆ ನಮ್ಮನೆಯವ್ರು ಬೈದ್ರು, ಡಾಕ್ಟ್ರ ಕಡೆಯವ್ರಿಗಿಂತ ನಿಂಗೆ ಜಾಸ್ತಿ ಗೊತ್ತಾ ಅಂತ. ಬಿಟ್ಬಿಟ್ಟೆ."

ಒಂದೇ ಒಂದು ಮಾತು ಸಾಕಿತ್ತು. 'ಹೌದು, ಇದು ನಿಮ್ಮ ಕಾಯಿಲೆ' ಎಂದರೆ ಅವರು ನಂಬುತ್ತಿದ್ದರು. ಬರೇ ನಂಬುವುದಲ್ಲ, ಕ್ಷಮೆಯನ್ನೂ ಕೇಳುತ್ತಿದ್ದರು. ಡಾಕ್ಟರಿಗೆ ವಿಷಯ ಮುಟ್ಟಿದರೂ ಗೀಳಿನವರೊಬ್ಬರ ನೆನಪಿನ ಎದುರು ನನ್ನ ಮಾತೇ ನಿಲ್ಲುತ್ತಿತ್ತು. ತಿಂಗಳ ಕೊನೆಗೆ ಇನ್ನು ಐದು ದಿನ. ಆ ಐದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಹುಡುಗಿಯ ಅರ್ಜಿ ತಾನಾಗಿಯೇ ಬಿದ್ದುಹೋಗುತ್ತಿತ್ತು. ನಾನು ಇದನ್ನೆಲ್ಲ ಯೋಚಿಸಿದೆ. ಯೋಚಿಸಲಿಲ್ಲ ಎಂದು ಬರೆದರೆ ಈ ಲೇಖನಕ್ಕೆ ಬೆಲೆ ಇಲ್ಲ. ಟೇಪಿನ ತುಂಡು ಬೆರಳಿಗೆ ಅಂಟಿಕೊಂಡಿತ್ತು, ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ಅವರನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು. ಆ ಹುಡುಗಿಗಾಗಿ ಅಲ್ಲ, ಅಂಥ ಒಳ್ಳೆಯತನ ನನ್ನಲ್ಲಿ ಆಗ ಇರಲಿಲ್ಲ. ಇಡೀ ಅಧ್ಯಯನದಲ್ಲಿ ಸರಿಯಾದ ಪ್ರಶ್ನೆ ಕೇಳಿದ ಒಬ್ಬರೇ ಒಬ್ಬರು ಇವರು. ಅದನ್ನು ನಾನು ಅವರ ಕಾಯಿಲೆಯ ಲೆಕ್ಕಕ್ಕೆ ಸೇರಿಸಿ ಮನೆಗೆ ಕಳಿಸಿದ್ದೆ. ಅವರು ನಾಲ್ಕು ದಿನ ತಮ್ಮನ್ನೇ ಬೈದುಕೊಂಡಿದ್ದರು.

"ನಿಮ್ಮ ನೆನಪು ಸರಿಯಿದೆ. ನಾನೇ ಅಂಟಿಸಿದ್ದು, ತಪ್ಪು ಕಡೆ ಅಂಟಿಸಿದ್ದೆ. ನೀವು ಕೇಳಿದ್ದು ಕಾಯಿಲೆ ಅಲ್ಲ, ಸರಿಯಾದ ಪ್ರಶ್ನೆ" ಎಂದೆ.

"ನಿಜವಾಗ್ಲೂ?"

"ನಿಜವಾಗ್ಲೂ."

"ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

ಮೂರನೇ ಸಲವೂ ಉತ್ತರ ಕೊಟ್ಟೆ. ಆಮೇಲೆ ಅವರನ್ನು ಒಳಗೆ ಮಲಗಿಸಿ, ತಲೆಯ ಹಿಂದೆ ಹೋಗಿ ನಿಂತು ಮಾತ್ರೆ ಅಂಟಿಸಿದೆ.

ಸ್ಕ್ಯಾನ್ ಮುಗಿದ ಮೇಲೆ ಡಾಕ್ಟರು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟರು. ಮೆದುಳು ಎರಡರಲ್ಲೂ ಒಂದೇ ದಿಕ್ಕಿಗಿತ್ತು, ಒಂದು ಮಡಿಕೆಯೂ ಆಚೀಚೆಯಾಗಿರಲಿಲ್ಲ. ಚುಕ್ಕೆ ಮಾತ್ರ ಆ ಕಡೆಯಿಂದ ಈ ಕಡೆಗೆ ಬಂದಿತ್ತು. ಹುಡುಗಿ ಬದಲಾಯಿಸಿದ ಫೈಲಿನಲ್ಲಿ ತಪ್ಪಿರಲಿಲ್ಲ.

"ಹಾಗಾದ್ರೆ ಅಂಟಿಸೋದ್ರಲ್ಲೇ ಎಡವಟ್ಟು ಮಾಡಿದಾಳೆ" ಎಂದರು.

"ಅವಳಲ್ಲ ಸರ್, ನಾನು. ಎರಡು ಭಾನುವಾರನೂ ನಾನೇ ಅಂಟಿಸಿದ್ದು. ಅವಳು ಇರ್ಲಿಲ್ಲ."

ಅವರು ಪರದೆಯಿಂದ ಕಣ್ಣು ತೆಗೆಯದೆ, "ಅವತ್ತು ನನ್ನ ಹತ್ರ ಬಂದಾಗ ಇದು ನೆನಪಿರ್ಲಿಲ್ವಾ?" ಎಂದು ಕೇಳಿದರು. ಇರಲಿಲ್ಲ ಎಂದೆ. ಅವರು ನಂಬಿದರೋ ಇಲ್ಲವೋ, ತಪ್ಪುಗಳನ್ನು ದಾಖಲಿಸುವ ರಿಜಿಸ್ಟರಿನಲ್ಲಿ ನನ್ನ ಕೈಯಲ್ಲೇ ಎಲ್ಲ ಬರೆಸಿದರು. ದಿನಾಂಕ, ನಾಲ್ಕು ಸಂಕೇತ, ಅಂಟಿಸಿದವರ ಹೆಸರು. ಭಾಗವಹಿಸಿದವರೊಬ್ಬರು ಸ್ಥಳದಲ್ಲೇ ಎಚ್ಚರಿಸಿದ್ದರು ಎಂಬ ಸಾಲನ್ನು ನಾನಾಗಿಯೇ ಸೇರಿಸಿದೆ.

ಸೋಮವಾರ ಹುಡುಗಿಗೆ ಹೇಳಬೇಕಾದವಳೂ ನಾನೇ. ಅವಳು ಅಳುತ್ತಾಳೆ, ಇಲ್ಲವೇ 'ಹೋಗ್ಲಿ ಬಿಡ್ರಿ ಅಕ್ಕಾ' ಎನ್ನುತ್ತಾಳೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಕೈಯಲ್ಲಿದ್ದ ಕಾಗದ ಕೆಳಗಿಟ್ಟು ನೇರವಾಗಿ ನೋಡಿದಳು.

"ನೀವು ಮರ್ತಿದ್ರೇನ್ ಅಕ್ಕಾ, ಇಲ್ಲಾ ಮರೀಬೇಕಂತ ಮರ್ತಿದ್ರೇನ್?"

"ಗೊತ್ತಿಲ್ಲ" ಎಂದೆ. "ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು. ಅದು ಮಾತ್ರ ಗೊತ್ತು."

"ಅದು ನನಗೂ ಗೊತ್ತದ. ಬಂದ ದಿನದಿಂದ ಗೊತ್ತದ. ಊರಾಗ ನಮ್ಮವ್ವಗ ಫೋನ್ ಹಚ್ಚಿ, ಸೀಟು ಹೋತಬೇ ಅಂತ ಹೇಳೀನಿ ನಾನು. ಆಕಿ ಎರಡು ದಿನ ಉಂಡಿಲ್ಲ. ಅದಕ್ಕ ನೀವೇನ್ ಹೇಳ್ತೀರಿ?"

ಅವಳು ಕಂಪ್ಯೂಟರಿನ ಮುಂದೆ ಹೋಗಿ ಕೂತು, ಪಕ್ಕಕ್ಕಿಟ್ಟಿದ್ದ ಫೈಲನ್ನು ತೆರೆದು, ಬಿಟ್ಟ ಜಾಗದಿಂದ ಗೆರೆ ಎಳೆಯಲು ಶುರು ಮಾಡಿದಳು. ಆ ಮಧ್ಯಾಹ್ನ ಊಟದ ಡಬ್ಬಿಯನ್ನು ತೆಗೆದುಕೊಂಡು ಹೊರಗೆ ಹೋದಳು.

ಗಡುವಿಗೆ ಎರಡು ದಿನ ಇದೆ ಎನ್ನುವಾಗ ಡಾಕ್ಟರು ನನ್ನನ್ನು ಕರೆದು, ಶಿಫಾರಸು ಪತ್ರದ ಕರಡನ್ನು ನೀನೇ ಬರೆ ಎಂದರು. "ಅವಳ ಕೆಲಸ ಹತ್ತಿರದಿಂದ ನೋಡಿರೋದು ನೀನೇ ಅಲ್ವಾ? ತಪ್ಪು ಹುಡುಕೋಕೆ ಅಂತ ಪ್ರತಿ ಪದರ ನೋಡಿದೀಯ." ಇದು ಶಿಕ್ಷೆಯೋ ನಂಬಿಕೆಯೋ ಎಂದು ಅವರ ಮುಖದಿಂದ ತಿಳಿಯಲಿಲ್ಲ.

ಕೂತು ಬರೆದೆ. ಶ್ರದ್ಧೆ, ಶಿಸ್ತು, ಜನರೊಂದಿಗೆ ಬೆರೆಯುವ ಗುಣ ಎಂದು ಯಾರಿಗೆ ಬೇಕಾದರೂ ಬರೆಯಬಹುದಾದ ಮಾತುಗಳು ಸಲೀಸಾಗಿ ಬಂದವು. ಓದಿ ನೋಡಿದೆ. ಇಂಥ ಪತ್ರಕ್ಕೆ ಯಾರೂ ಸೀಟು ಕೊಡುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಎಲ್ಲವನ್ನೂ ಅಳಿಸಿ ಮೊದಲಿನಿಂದ ಬರೆದೆ. ಇವಳ ಕೆಲಸದಲ್ಲಿ ತಪ್ಪು ಹುಡುಕಲೇಬೇಕೆಂದು ಹಟ ಹಿಡಿದು ಕೂತ ಸಹೋದ್ಯೋಗಿಯೊಬ್ಬರಿಗೆ ಒಂದೂ ಸಿಗಲಿಲ್ಲ ಎಂದು ಬರೆದೆ. ಈ ಅಧ್ಯಯನದಲ್ಲಿ ಗೆರೆ ಎಳೆದವರಲ್ಲಿ ಇವಳ ಕೈಯೇ ಎಲ್ಲರಿಗಿಂತ ಸ್ಥಿರ ಎಂದು ಬರೆದೆ. ಗೆರೆ ಎಳೆದವರು ನಾವಿಬ್ಬರೇ. ಆ ವಾಕ್ಯ ಓದುವಾಗ ಹೊಟ್ಟೆಯೊಳಗೆ ಮತ್ತೆ ಅದೇ ಉರಿ ಎದ್ದಿತು, ಒಂದು ಚೂರೂ ಕಡಿಮೆಯಾಗಿರಲಿಲ್ಲ. ಉರಿಯುತ್ತಿದ್ದ ಹಾಗೆಯೇ ಪತ್ರವನ್ನು ಸಹಿಗೆ ಕಳಿಸಿದೆ.